ದೊಡ್ಡಪ್ಪ ಕೊಡಿಸಿದ ಸರ್ಕಾರಿ ನೌಕರಿ

ನನಗೆ ಒಮ್ಮೆ ಸರ್ಕಾರಿ ನೌಕರಿ ಸಿಕ್ಕಿತ್ತು. ಪರೀಕ್ಷೆ ಪಾಸಾಗಿರಲಿಲ್ಲ, ಸಂದರ್ಶನಕ್ಕೆ ಹೋಗಿರಲಿಲ್ಲ, ಯಾರ ಕೈಕಾಲೂ ಹಿಡಿದಿರಲಿಲ್ಲ. ನಮ್ಮ ದೊಡ್ಡಪ್ಪ ವೆಂಕಟರವಣಪ್ಪನವರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಎದುರಿನ ಟೀ ಅಂಗಡಿಯಲ್ಲಿ ಕೂತು, ಒಂದೇ ಒಂದು ಫೋನ್ ಕರೆಯಲ್ಲಿ ಕೊಡಿಸಿಬಿಟ್ಟಿದ್ದರು. ಆ ನೌಕರಿಯಿಂದ ನನ್ನನ್ನು ಬಿಡಿಸಿ ಮತ್ತೆ ನಿರುದ್ಯೋಗಿ ಮಾಡಿಸಲು ಅವರು ಪಟ್ಟ ಪಾಡಿದೆಯಲ್ಲ, ಅದು ದೊಡ್ಡದು.

ಈಗ ನಾನು ಸಂಬಳದವನು. ಗೌರಿಬಿದನೂರಿನ ಒಂದು ಫ್ಯಾಕ್ಟರಿಯ ಲೆಕ್ಕದ ವಿಭಾಗದಲ್ಲಿ, ಫ್ಯಾನಿನ ಗಾಳಿ ತಲುಪದ ಮೂಲೆಯ ಕುರ್ಚಿ ನನ್ನದು. ತಿಂಗಳ ಕೊನೆಯ ವಾರ ಬಂದರೆ ಇಂಥವರು ಇಷ್ಟು ದಿನ ಕೆಲಸ ಮಾಡಿದ್ದಾರೆ ಎಂದು ಕಂಪ್ಯೂಟರಿಗೆ ತುಂಬುತ್ತೇನೆ. ಆಗೆಲ್ಲ ಹಳೆಯ ದಿನಗಳ ನೆನಪಾಗಿ ಒಬ್ಬನೇ ನಗುತ್ತೇನೆ. ಪಕ್ಕದ ಕುರ್ಚಿಯವರು ಮೊದಮೊದಲು ಅನುಮಾನದಿಂದ ನೋಡುತ್ತಿದ್ದರು, ಈಗ ಬಿಟ್ಟಿದ್ದಾರೆ. ನಗು ಯಾಕೆಂದರೆ, ಒಂದು ಕಾಲದಲ್ಲಿ ತಿಂಗಳ ಕೊನೆ ಹತ್ತಿರ ಬಂದಾಗ ನಾನು ನನ್ನ ಬಗ್ಗೆ ತುಂಬುತ್ತಿದ್ದುದು ಇದಕ್ಕೆ ತದ್ವಿರುದ್ಧ: ನಾನು ಏನೂ ಕೆಲಸ ಮಾಡಿಲ್ಲ, ಮಾಡುತ್ತಲೂ ಇಲ್ಲ.

ಬಿ.ಕಾಂ. ಮುಗಿಸಿ ಆರು ತಿಂಗಳು ಮನೆಯಲ್ಲಿ ಕೂತ ಮೇಲೆ ನಾನು ಯುವನಿಧಿಗೆ ಅರ್ಜಿ ಹಾಕಿದ್ದೆ. ಕೆಲಸ ಸಿಗದ ಪದವೀಧರರಿಗೆ ಸರ್ಕಾರ ತಿಂಗಳಿಗೆ ಮೂರು ಸಾವಿರ ಕೊಡುತ್ತಿತ್ತು. ಸುಮ್ಮನೆ ಕೊಡುತ್ತಿರಲಿಲ್ಲ. ತಿಂಗಳು ತಿಂಗಳು ಇಪ್ಪತ್ತೈದನೇ ತಾರೀಖಿನ ಒಳಗೆ ಫೋನಿನಲ್ಲಿ ಘೋಷಣೆ ಮಾಡಬೇಕಿತ್ತು. ನಾನು ಎಲ್ಲೂ ಉದ್ಯೋಗದಲ್ಲಿಲ್ಲ, ಸ್ವಂತ ಉದ್ಯೋಗವನ್ನೂ ಮಾಡುತ್ತಿಲ್ಲ, ಮುಂದೆ ಓದುತ್ತಲೂ ಇಲ್ಲ. ಮೂರಕ್ಕೂ ಟಿಕ್ ಹಾಕಬೇಕು. ನಮ್ಮಮ್ಮ ದಿನಾ ಬೆಳಗ್ಗೆ ನನ್ನ ಹೊದಿಕೆ ಎಳೆಯುತ್ತಾ ಇದೇ ಮೂರು ಮಾತು ಹೇಳುತ್ತಿದ್ದಳು. ಸರ್ಕಾರದವರು ಅದಕ್ಕೆ ದುಡ್ಡು ಕೊಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಟಿಕ್ ಹಾಕಿದ ಮೇಲೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಂದು ಓಟಿಪಿ ಬರುತ್ತದೆ. ಆ ಆರು ಅಂಕಿ ಹಾಕಿದರೆ ಮಾತ್ರ ನಾವು ನಿರುದ್ಯೋಗಿಗಳು. ಹಾಕದಿದ್ದರೆ ಏನೂ ಅಲ್ಲ. ನನ್ನ ಆಧಾರಿಗೆ ಜೋಡಿಸಿದ್ದು ದೊಡ್ಡಪ್ಪನ ನಂಬರು. ನಾನು ಶಾಲೆಯಲ್ಲಿದ್ದಾಗ ಆಧಾರ್ ಮಾಡಿಸಿದ್ದು, ಆಗ ಮನೆಗೆಲ್ಲ ಇದ್ದದ್ದು ಅವರದೊಂದೇ ಫೋನು. ಬದಲಾಯಿಸಬಹುದಿತ್ತು. ಆದರೆ ಆಧಾರ್ ಕೇಂದ್ರದಲ್ಲಿ ಟೋಕನ್ ಬೆಳಗ್ಗೆ ಬೇಗ ಮುಗಿದುಹೋಗುತ್ತಿತ್ತು. ನಾನೋ, ಮಾಡಲು ಏನೂ ಕೆಲಸವಿಲ್ಲವೆಂದು ಸರ್ಕಾರಕ್ಕೇ ಬರೆದುಕೊಟ್ಟವನು. ಬೇಗ ಏಳುವುದು ಆ ಮಾತಿಗೆ ತಪ್ಪಿದಂತೆ ಆಗುತ್ತಿತ್ತು.

ದೊಡ್ಡಪ್ಪ ಮಾತ್ರ ಎಂಟು ಗಂಟೆಗೆ ಸಿದ್ಧವಾಗಿರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯ ಮೇಲೊಂದು ನಾಮದ ಗೆರೆ, ಕೈಯಲ್ಲಿ ಗಡಿಯಾರ, ಹೆಗಲಿಗೆ ರೆಕ್ಸಿನ್ ಬ್ಯಾಗು. ಬ್ಯಾಗಿನಲ್ಲಿ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ. "ಕೆಲಸಕ್ಕೆ ಹೋಗ್ಬರ್ತೀನಿ ವರಲಕ್ಷ್ಮಮ್ಮ" ಎಂದು ಹೊಸ್ತಿಲು ದಾಟುತ್ತಿದ್ದರು. "ಆಯ್ತು ಭಾವ, ಬಿಸಿಲು ಜಾಸ್ತಿ ಆಗೋ ಹೊತ್ತಿಗೆ ನೆರಳಲ್ಲಿರಿ" ಎನ್ನುತ್ತಿದ್ದಳು ಅಮ್ಮ. ಆ ಮಾತಿನಲ್ಲಿ ಎಲ್ಲವೂ ಇತ್ತು. ಕೆಲಸಕ್ಕೆ ಹೋಗುವ ಮನುಷ್ಯನಿಗೆ ಯಾರೂ ನೆರಳಿನಲ್ಲಿರಿ ಎನ್ನುವುದಿಲ್ಲ.

ದೊಡ್ಡಪ್ಪನಿಗೆ ಕೆಲಸವಿರಲಿಲ್ಲ. ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಅವರ ಫಿಲೇಚರ್ ಮುಚ್ಚಿ ವರ್ಷಗಳಾಗಿದ್ದವು.

ನನಗೆ ಫಿಲೇಚರ್ ಚೆನ್ನಾಗಿ ನೆನಪಿದೆ. ನಮ್ಮ ಅಪ್ಪ ತೀರಿಕೊಂಡಾಗ ನಾನು ಆರನೇ ಕ್ಲಾಸು. ದೊಡ್ಡಮ್ಮ ಅದಕ್ಕೂ ಮೊದಲೇ ಹೋಗಿದ್ದರು, ಅವರಿಗೆ ಮಕ್ಕಳಿರಲಿಲ್ಲ. ಅಲ್ಲಿಂದ ನನಗೆ ಅಪ್ಪ ಅಂದರೂ ಅವರೇ, ದೊಡ್ಡಪ್ಪ ಅಂದರೂ ಅವರೇ. ಶಾಲೆ ಬಿಟ್ಟೊಡನೆ ಫಿಲೇಚರಿಗೆ ಓಡುತ್ತಿದ್ದೆ. ಕುದಿಯುವ ನೀರಿನ ಬೇಸಿನ್ನುಗಳಲ್ಲಿ ಗೂಡುಗಳು ತೇಲುತ್ತಾ ಕುಣಿಯುತ್ತಿದ್ದವು. ಹೆಂಗಸರು ಎಳೆ ಹಿಡಿದು ರಾಟೆಗೆ ಕೊಡುತ್ತಿದ್ದರು. ಬೆಂದ ಹುಳದ ನಾತಕ್ಕೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ಹಸಿವಾಗುತ್ತದೆ, ಯಾಕೆಂದರೆ ಆ ಹೊತ್ತಿಗೆ ದೊಡ್ಡಪ್ಪ ಬನ್ನು ತರಿಸುತ್ತಿದ್ದರು. ಅವರ ಬಿಳಿ ಶರ್ಟಿನ ತೋಳಿಗೆ ಯಾವಾಗಲೂ ಒಂದೆರಡು ರೇಷ್ಮೆ ಎಳೆ ಅಂಟಿಕೊಂಡು ಬಿಸಿಲಿಗೆ ಹೊಳೆಯುತ್ತಿದ್ದವು.

ರಜಾ ದಿನಗಳಲ್ಲಿ ಹರಾಜಿಗೂ ಕರೆದೊಯ್ಯುತ್ತಿದ್ದರು. ಆಗ ಮಾರುಕಟ್ಟೆಯಲ್ಲಿ ಹರಾಜು ಎಂದರೆ ಕೂಗು. ಸಾದಲಿ, ಜಂಗಮಕೋಟೆ ಕಡೆಯಿಂದ ರೈತರು ಗೂಡು ತಂದು ಸುರಿದಿರುತ್ತಿದ್ದರು. ಅದರ ಸುತ್ತ ಕನ್ನಡ, ತೆಲುಗು, ಉರ್ದು ಎಲ್ಲ ಸೇರಿ ಗದ್ದಲವೋ ಗದ್ದಲ. ಮನೆಯಲ್ಲಿ ಮೆತ್ತಗೆ ಕನ್ನಡ ಮಾತಾಡುವ ದೊಡ್ಡಪ್ಪ, ಅಂಕಿ ಕೂಗಬೇಕಾದಾಗ ಮಾತ್ರ ತೆಲುಗಿಗೆ ಹಾರಿಬಿಡುತ್ತಿದ್ದರು. "ಮೂಡು! ಮೂಡುನ್ನರ! ನಾಲುಗು!" ಎನ್ನುವ ಆ ಕಂಚಿನ ಗಂಟಲು ಕೇಳಿ ನನಗೆ ಹೆಮ್ಮೆಯಿಂದ ಕಿವಿ ಬಿಸಿಯಾಗುತ್ತಿತ್ತು.

ಆಮೇಲೆ ದೊಡ್ಡ ದೊಡ್ಡ ಮೆಷಿನ್ನುಗಳು ಬಂದವು. ನಮ್ಮಂಥ ಸಣ್ಣ ಫಿಲೇಚರುಗಳ ನೂಲನ್ನು ಕೇಳುವವರು ಕಡಿಮೆಯಾದರು. ಹರಾಜು ಕೂಡ ಮೊಬೈಲಿಗೆ ಬಂತು, ಕೂಗುವುದೇ ನಿಂತುಹೋಯಿತು. ದೊಡ್ಡಪ್ಪ ಒಂದು ಸಂಜೆ ಫಿಲೇಚರಿನ ಬೀಗದ ಕೈಯನ್ನು ಕಟ್ಟಡದ ಮಾಲೀಕರಿಗೆ ಕೊಟ್ಟು ಬಂದರು. ಊಟ ಮಾಡಿದರು, ಮಲಗಿದರು. ಬೆಳಗ್ಗೆ ಎದ್ದು ಇಸ್ತ್ರಿ ಶರ್ಟು ಹಾಕಿಕೊಂಡು "ಕೆಲಸಕ್ಕೆ ಹೋಗ್ಬರ್ತೀನಿ" ಎಂದರು. ಅಮ್ಮ ಡಬ್ಬಿ ಕಟ್ಟಿಕೊಟ್ಟಳು. ಅಂದಿನಿಂದ ಅದೇ ನಡೆದುಕೊಂಡು ಬಂತು.

ಅವರು ಹೋಗಿ ಕೂರುವುದು ಮಾರುಕಟ್ಟೆ ಎದುರಿನ ಮುನಿಶಾಮಪ್ಪನ ಟೀ ಅಂಗಡಿಯಲ್ಲಿ ಎಂದು ಊರಿಗೆಲ್ಲ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೆ ನಮ್ಮ ಮನೆಯವರು ಯಾರೂ ಆ ರಸ್ತೆಗೆ ಹೋಗುತ್ತಿರಲಿಲ್ಲ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಅಮ್ಮ, ಹತ್ತಿರದ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಳು. ಹೋದರೆ ಅವರು ಬೆಂಚಿನ ಮೇಲೆ ಕೂತಿರುವುದು ಕಣ್ಣಿಗೆ ಬೀಳುತ್ತದೆ. ನೋಡಿದ ಮೇಲೆ ಸಂಜೆ "ಕೆಲಸ ಹೇಗಿತ್ತು ಭಾವ" ಎಂದು ಕೇಳುವುದು ಹೇಗೆ?

ನಾನು ಯುವನಿಧಿಗೆ ಅರ್ಜಿ ಹಾಕಿದ್ದಕ್ಕೂ ಇದೇ ಕಾರಣ. ಪರೀಕ್ಷೆಯ ಫೀಸು, ಬೆಂಗಳೂರಿನ ಬಸ್ಸು, ಎಲ್ಲದಕ್ಕೂ ದೊಡ್ಡಪ್ಪನನ್ನು ಕೇಳಬೇಕಿತ್ತು. ಕೇಳಿದರೆ ಅವರು ಇಲ್ಲ ಎನ್ನುತ್ತಿರಲಿಲ್ಲ. ಎಲ್ಲಿಂದಲೋ ತಂದುಕೊಡುತ್ತಿದ್ದರು. ಒಮ್ಮೆ ಅವರ ಕೈಯ ಉಂಗುರ ಕಾಣದಾಗಿತ್ತು. ಅವರ ಹತ್ತಿರ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ನನಗೆ ಗೊತ್ತು ಎಂಬುದು ಅವರಿಗೆ ಗೊತ್ತಾಗಬಾರದಿತ್ತು. ಈ ಭತ್ಯೆ ಬರಲು ಶುರುವಾದ ಮೇಲೆ ನಮ್ಮಿಬ್ಬರ ನಡುವೆ ಆ ಕೇಳುವ, ಕೊಡುವ ಕಷ್ಟ ತಪ್ಪಿತ್ತು.

ದೊಡ್ಡಪ್ಪ ಅದನ್ನು ಭತ್ಯೆ ಎನ್ನುತ್ತಿರಲಿಲ್ಲ. "ನಿನ್ ಗೌರ್ಮೆಂಟ್ ಸಂಬಳ ಬಂತೇನಪ್ಪಾ?" ಎನ್ನುತ್ತಿದ್ದರು.

ಪ್ರತಿ ತಿಂಗಳು ನಾನು ಮಾಡುತ್ತಿದ್ದುದು ಇಷ್ಟೆ. ಮಧ್ಯಾಹ್ನ ಗ್ರಂಥಾಲಯದ ಮೂಲೆಯಲ್ಲಿ ಕೂತು ಟಿಕ್ ಹಾಕುವುದು, ಕೂಡಲೇ ದೊಡ್ಡಪ್ಪನಿಗೆ ಫೋನ್ ಮಾಡುವುದು. ಸಂಜೆ ಅವರು ಮನೆಗೆ ಬಂದಾಗ ಮಾಡಬಾರದಿತ್ತೇ ಎನ್ನಬೇಡಿ. ಸಂಜೆ ಸರ್ವರು ಸಿಗುತ್ತಿರಲಿಲ್ಲ. ಸಿಗುತ್ತಿದ್ದ ದಿನಗಳಲ್ಲಿ ನನಗೆ ನೆನಪಿರುತ್ತಿರಲಿಲ್ಲ.

"ದೊಡ್ಡಪ್ಪ, ಮೆಸೇಜ್ ಬಂದಿದೆ ನೋಡಿ, ನಂಬರ್ ಹೇಳಿ, ಬೇಗ."

"ಇರಪ್ಪಾ, ಕನ್ನಡಕ ಹಾಕ್ಕೋತೀನಿ... ಹಾಂ. ಯಾರೋ ಲೋನ್ ಕೊಡ್ತಾರಂತೆ ಕಣೋ."

"ಅದಲ್ಲ, ಅದರ ಮೇಲಿಂದು."

"ಇದ್ರಲ್ಲಿ ಯಾರಿಗೂ ಹೇಳ್ಬೇಡಿ ಅಂತ ಬರೆದವ್ರೆ."

"ನಂಗೆ ಹೇಳ್ಬೋದು ದೊಡ್ಡಪ್ಪ, ನಂದೇ ಅದು."

ಆಗ ಅವರ ದನಿ ಇದ್ದಕ್ಕಿದ್ದಂತೆ ಕೆಳಗಿಳಿಯುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದವರಂತೆ ಪಿಸುಗುಡುತ್ತಿದ್ದರು. "ನಾಲುಗು... ಸುನ್ನ... ಏಡು..."

"ಎರಡಾ?"

"ಎರಡಲ್ಲ, ಏಡು."

"ಅದೇ, ಎರಡು."

"ಏಡು ಕಣೋ, ಏಡು! ಏಳು! ಬಿ.ಕಾಂ. ಓದಿದೀಯ, ಏಡು ಗೊತ್ತಾಗಲ್ವಾ?"

ಅಷ್ಟರಲ್ಲಿ ಸಮಯ ಮುಗಿದು ಇನ್ನೊಂದು ಓಟಿಪಿ ಕೇಳಬೇಕಾಗುತ್ತಿತ್ತು. ಹೀಗೆ ನಾನು ಒಂದೊಂದು ತಿಂಗಳು ಮೂರು ನಾಲ್ಕು ಸಲ ನಿರುದ್ಯೋಗಿಯಾಗಲು ಪ್ರಯತ್ನಿಸಿ ಸೋತದ್ದುಂಟು. ಜೋರಾಗಿ ಹೇಳಿ ಎಂದರೆ, "ಯಾರಿಗೂ ಹೇಳ್ಬೇಡಿ ಅಂತ ಬರೆದವ್ರಲ್ಲಪ್ಪ" ಎನ್ನುತ್ತಿದ್ದರು. ಮಾರುಕಟ್ಟೆಯನ್ನೇ ನಡುಗಿಸುತ್ತಿದ್ದ ಗಂಟಲು ಆರು ಅಂಕಿಗೆ ಪಿಸುಗುಡುವುದು ನನಗೆ ತಮಾಷೆಯಾಗಿ ಕಾಣುತ್ತಿತ್ತು.

ಒಂದು ತಿಂಗಳು ದುಡ್ಡು ಬರಲಿಲ್ಲ. ತಡವಾಗಿರಬೇಕು ಎಂದುಕೊಂಡೆ. ಮುಂದಿನ ತಿಂಗಳೂ ಬರಲಿಲ್ಲ. ಚಿಕ್ಕಬಳ್ಳಾಪುರದ ಯುವನಿಧಿ ಆಫೀಸಿಗೆ ಫೋನ್ ಮಾಡಿದೆ. ಪಂಕಜ ಎನ್ನುವವರು ಮಾತಾಡಿದರು. ನನ್ನ ನಂಬರು ಹಾಕಿ ನೋಡಿ, "ಏನ್ ವೇಣುಗೋಪಾಲ್, ಸರ್ಕಾರಿ ನೌಕರಿಯಲ್ಲಿದ್ದುಕೊಂಡು ನಿರುದ್ಯೋಗಿಗಳ ದುಡ್ಡು ತಗೋಬಾರದಲ್ವಾ?" ಎಂದರು.

"ಯಾವ ನೌಕರಿ ಮೇಡಂ?"

"ಅದನ್ನ ನೀವು ಹೇಳ್ಬೇಕು. ಪರಿಶೀಲನೆಗೆ ಫೋನ್ ಮಾಡಿದಾಗ ನಿಮ್ಮ ಮನೆಯ ಹಿರಿಯರೇ ಹೇಳಿದಾರೆ. ಸರ್ಕಾರಿ ಸಂಬಳ ಅಂತ ಇಲ್ಲಿ ಗುರುತು ಹಾಕಿದೆ."

ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದೆ. "ದೊಡ್ಡಪ್ಪ, ನನ್ನ ಬಗ್ಗೆ ವಿಚಾರಿಸ್ಕೊಂಡು ಯಾರಾದ್ರೂ ಫೋನ್ ಮಾಡಿದ್ರಾ?"

ದೊಡ್ಡಪ್ಪನ ಮುಖ ಅರಳಿತು. "ಮಾಡಿದ್ರು! ನಿಂಗೆ ಈಗ್ಲೇ ಹೇಳ್ಬಾರ್ದು ಅಂತಿದ್ದೆ. ಹೆಣ್ಣಿನ ಕಡೆಯೋರು."

ಅಮ್ಮ ಮುದ್ದೆ ಬಡಿಸುತ್ತಿದ್ದವಳು ನಿಂತಳು. "ಯಾವ ಹೆಣ್ಣು ಭಾವ?"

"ಚಿಂತಾಮಣಿಗೆ ಜಾತಕ ಕಳಿಸಿರ್ಲಿಲ್ವಾ ನಾವು, ಅವ್ರೇ ಇರ್ಬೇಕು. ಹುಡುಗಿ ತಾಯಿ ಮಾತಾಡಿದ್ದು ಅನ್ಸುತ್ತೆ. ಭಾಳ ಮರ್ಯಾದಸ್ತೆ. ಏನ್ ವಿಚಾರಿಸಿದ್ರು ಅಂತೀಯ! ಹುಡುಗ ಕೆಲಸದಲ್ಲಿದ್ದಾನಾ, ಮುಂದೆ ಓದ್ತಿದ್ದಾನಾ, ಊರಲ್ಲೇ ಇರೋದಾ, ಬ್ಯಾಂಕ್ ಖಾತೆ ಸರಿಯಾಗಿದೆಯಾ... ಖಾತೆ ತನಕ ಕೇಳಿದ್ರು ಅಂದ್ಮೇಲೆ ಅವ್ರಿಗೆ ಎಷ್ಟು ಮನಸ್ಸಿರ್ಬೇಕು ನೋಡು."

"ನೀವೇನ್ ಹೇಳಿದ್ರಿ?"

"ಕೆಲಸದಲ್ಲಿದ್ದಾನೆ ತಾಯಿ, ಗೌರ್ಮೆಂಟ್ ಸಂಬಳ ತಿಂಗ್ಳಾ ತಿಂಗ್ಳಾ ಖಾತೆಗೇ ಬರುತ್ತೆ ಅಂದೆ. ಸುಳ್ಳೇನಿದೆ ಅದ್ರಲ್ಲಿ?"

ಸುಳ್ಳೇನೂ ಇರಲಿಲ್ಲ. ನಾನು ವಿಷಯ ಹೇಳಿದೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅಡಿಗೆಮನೆಗೆ ಹೋದಳು. ನಗುತ್ತಿದ್ದಾಳೆಂದು ಬೆನ್ನಿನ ಅಲುಗಾಟದಿಂದಲೇ ತಿಳಿಯುತ್ತಿತ್ತು. ದೊಡ್ಡಪ್ಪ ನಗಲಿಲ್ಲ. ತಟ್ಟೆಯಲ್ಲಿದ್ದ ಸಾರನ್ನು ಬೆರಳಿನಿಂದ ಅಲ್ಲೇ ತಿರುಗಿಸುತ್ತಾ ಕೂತರು.

ಸರಿಪಡಿಸಲು ದಾರಿಯಿತ್ತು. ಫೋನಿನಲ್ಲಿ ಹೇಳಿಕೆ ಕೊಟ್ಟವರೇ ಚಿಕ್ಕಬಳ್ಳಾಪುರಕ್ಕೆ ಬಂದು, ಎದುರಿಗೆ ನಿಂತು, ಹುಡುಗನಿಗೆ ಕೆಲಸವಿಲ್ಲ ಎಂದು ಹೇಳಿ ಸಹಿ ಹಾಕಬೇಕು ಎಂದಿದ್ದರು ಪಂಕಜ ಮೇಡಂ. ಎರಡು ನಿಮಿಷದ ಕೆಲಸ.

"ನಾಳೆ ಹೋಗೋಣ್ವಾ ದೊಡ್ಡಪ್ಪ?"

"ನಾಳೆ ಕೆಲಸ ಜಾಸ್ತಿ ಇದೆ ಕಣಪ್ಪ" ಎಂದರು ಅವರು. ಅಮ್ಮನ ಬೆನ್ನು ಅಲುಗುವುದು ನಿಂತಿತು.

ಎರಡು ದಿನ ಬಿಟ್ಟು ಕೇಳಿದೆ. ಈ ವಾರ ಬಿಡುವಿಲ್ಲ ಎಂದರು. ಮುಂದಿನ ವಾರ ಜಂಗಮಕೋಟೆಯಿಂದ ಯಾರೋ ಬರುವವರಿದ್ದಾರೆ ಎಂದರು. ಕೆಲಸವಿಲ್ಲದ ಮನುಷ್ಯ ಕೆಲಸದ ನೆವ ಹೇಳುತ್ತಿದ್ದರೆ ಅದಕ್ಕೆ ಎದುರುತ್ತರ ಎಲ್ಲಿಂದ ತರುವುದು? ಇತ್ತ ಒಂದು ಬ್ಯಾಂಕ್ ಪರೀಕ್ಷೆಯ ಫೀಸು ಕಟ್ಟುವ ಕೊನೆಯ ದಿನ ಹತ್ತಿರ ಬರುತ್ತಿತ್ತು. ಒಂದು ಬೆಳಗ್ಗೆ ಅವರೇ ನನ್ನ ಜೇಬಿಗೆ ನೋಟು ತುರುಕಿ, "ಫೀಸ್ ಕಟ್ಬಿಡಪ್ಪಾ, ನಿನ್ ಸಂಬಳ ಬಂದಾಗ ಕೊಡುವಿಯಂತೆ" ಎಂದು ನಾನು ಬಾಯಿ ತೆರೆಯುವ ಮೊದಲೇ ಹೊರಟುಬಿಟ್ಟರು. ಅವರ ಕೈಯಲ್ಲಿ ಗಡಿಯಾರ ಇರಲಿಲ್ಲ.

ಫಿಲೇಚರ್ ಮುಚ್ಚಿದ ಮೇಲೆ ಅವತ್ತು ನಾನು ಮೊದಲ ಸಲ ಮಾರುಕಟ್ಟೆ ರಸ್ತೆಗೆ ಹೋದೆ.

ಟೀ ಅಂಗಡಿಯ ಬೆಂಚಿನ ತುದಿಯಲ್ಲಿ, ಬ್ಯಾಗನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು ಕೂತಿದ್ದರು. ಬಸ್ಸು ಕಾಯುವವರ ಹಾಗೆ. ಎದುರಿಗೆ ಮಾರುಕಟ್ಟೆಯ ಗೇಟು. ಒಳಗೆ ಜನ ಇದ್ದರು, ಎಲ್ಲರೂ ಬಗ್ಗಿ ಮೊಬೈಲು ಒತ್ತುತ್ತಿದ್ದರು. ಸದ್ದೇ ಇರಲಿಲ್ಲ. ನನ್ನನ್ನು ಕಂಡದ್ದೇ ದೊಡ್ಡಪ್ಪ ಎದ್ದು ನಿಂತುಬಿಟ್ಟರು. ಮೇಷ್ಟ್ರು ಬಂದಾಗ ಹುಡುಗರು ಏಳುವ ಹಾಗೆ.

"ಏನಪ್ಪಾ... ಇಲ್ಲಿಗ್ಯಾಕೆ ಬಂದೆ?"

"ಟೀ ಕುಡಿಯೋಣ ಅಂತ ಬಂದೆ ದೊಡ್ಡಪ್ಪ" ಎಂದೆ.

ಮುನಿಶಾಮಪ್ಪ ಎರಡು ಗ್ಲಾಸು ಇಟ್ಟ. ನಾವಿಬ್ಬರೂ ಅಕ್ಕಪಕ್ಕ ಕೂತು ಕುಡಿದೆವು. ದೊಡ್ಡಪ್ಪ ಗೇಟಿನ ಕಡೆಯೇ ನೋಡುತ್ತಾ, "ಮೊದ್ಲು ಈ ಹೊತ್ತಿಗೆ ಇಲ್ಲಿ ಪಕ್ಕದೋನ ಮಾತು ಕೇಳಿಸ್ತಿರ್ಲಿಲ್ಲ" ಎಂದರು. ಗ್ಲಾಸು ಕೆಳಗಿಟ್ಟು, "ನಡಿ, ಹೋಗಣ" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ದ್ರಾಕ್ಷಿ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ದೊಡ್ಡಪ್ಪ ಪರೀಕ್ಷೆಗೆ ಹೋಗುವವರಂತೆ ಪ್ರಶ್ನೆ ಕೇಳತೊಡಗಿದರು.

"ಅಲ್ಲಿ ಏನಂತ ಹೇಳ್ಬೇಕು?"

"ಕೆಲಸ ಇಲ್ಲ ಅನ್ನಿ, ಅಷ್ಟೇ."

"ಹುಡುಕ್ತಾ ಇದಾನೆ, ಇನ್ನೇನು ಸಿಗುತ್ತೆ ಅಂದ್ರೆ?"

"ಸಿಗೋ ವಿಷಯ ಎತ್ಬೇಡಿ ದೊಡ್ಡಪ್ಪ."

"ಪರೀಕ್ಷೆಗೆ ಓದ್ತಾ ಇದಾನೆ ಅಂತೀನಿ."

"ಅಯ್ಯೋ, ಓದ್ತಾನೆ ಅಂದ್ರೆ ಕಾಲೇಜು ಅಂದ್ಕೋತಾರೆ. ಕಾಲೇಜಿಗೆ ಹೋಗೋರಿಗೆ ಕೊಡಲ್ಲ."

"ನಂಗೆ ವ್ಯಾಪಾರದಲ್ಲಿ ಸಹಾಯ ಮಾಡ್ತಾನೆ ಅಂದ್ರೆ?"

"ಅದು ಸ್ವಂತ ಉದ್ಯೋಗ ಆಗುತ್ತೆ. ಅದಕ್ಕೂ ಕೊಡಲ್ಲ."

ದೊಡ್ಡಪ್ಪ ಕಿಟಕಿಯ ಕಡೆ ತಿರುಗಿದರು. "ಏನೂ ಮಾಡ್ದಿದ್ರೇನೇ ಕೊಡೋದಾ? ಒಂದು ಒಳ್ಳೆ ಮಾತೂ ಆಡಂಗಿಲ್ವಾ? ಎಂಥಾ ಕಂಡೀಷನ್ನೋ ಇದು, ದೇವುಡಾ."

ಆಫೀಸಿನಲ್ಲಿ ಪಂಕಜ ಮೇಡಂ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ನಮ್ಮನ್ನು ನೋಡಿದರು. ಅವತ್ತು ಹುಡುಗಿ ತಾಯಿ ಅಂದುಕೊಂಡದ್ದು ಇವರನ್ನೇ ಎಂದು ನಾನು ದೊಡ್ಡಪ್ಪನ ಕಿವಿಯಲ್ಲಿ ಹೇಳಿದೆ. ಅವರು ಕೈ ಮುಗಿದರು.

"ಅವತ್ತು ಮಾತಾಡಿದ್ದು ನೀವೇನಾ ಯಜಮಾನ್ರೇ?"

"ನಾನೇ ತಾಯಿ."

"ಹುಡುಗ ಸರ್ಕಾರಿ ಕೆಲಸದಲ್ಲಿದ್ದಾನೆ ಅಂದ್ರಲ್ಲ. ಈಗ ಹೇಳಿ, ಅವನಿಗೆ ಕೆಲಸ ಇದೆಯೋ, ಇಲ್ವೋ?"

ದೊಡ್ಡಪ್ಪ ಬ್ಯಾಗನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದರು. "ಒಳ್ಳೆ ಹುಡುಗ ತಾಯಿ. ಬೀಡಿ ಸಿಗರೇಟು ಮುಟ್ಟಲ್ಲ."

"ಅದಕ್ಕೆ ಇಲ್ಲಿ ಕಾಲಂ ಇಲ್ಲ. ಕೆಲಸ?"

"ಬಿ.ಕಾಂ. ಫಸ್ಟ್ ಕ್ಲಾಸು."

ನನ್ನದು ಸೆಕೆಂಡ್ ಕ್ಲಾಸು. ನಾನು ನೆಲ ನೋಡಿದೆ.

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಪಂಕಜ ಮೇಡಂ ನಿಟ್ಟುಸಿರು ಬಿಟ್ಟು, "ಆಯ್ತು, ಮೊದಲು ನಿಮ್ದು ಬರ್ಕೊಂಡ್ಬಿಡ್ತೀನಿ" ಎಂದು ಕಾಗದ ಎಳೆದುಕೊಂಡರು. "ಹೆಸರು?"

"ವೆಂಕಟರವಣಪ್ಪ."

"ಹುಡುಗನಿಗೆ ಏನಾಗ್ಬೇಕು?"

"ದೊಡ್ಡಪ್ಪ."

"ನೀವೇನು ಕೆಲಸ ಮಾಡ್ಕೊಂಡಿದೀರ?"

ಇಷ್ಟು ವರ್ಷ ನಮ್ಮ ಮನೆಯಲ್ಲಿ, ಬೀದಿಯಲ್ಲಿ, ಮದುವೆ ಮನೆಗಳಲ್ಲಿ ಯಾರೂ ಕೇಳದೆ ಕಾಪಾಡಿಕೊಂಡು ಬಂದ ಪ್ರಶ್ನೆಯನ್ನು ಆಕೆ ಪೆನ್ನಿನ ಮುಚ್ಚಳ ತೆಗೆಯುತ್ತಾ ಕೇಳಿಬಿಟ್ಟಿದ್ದರು. ನಾನು ಮುಂದೆ ಬಿದ್ದು, "ರೇಷ್ಮೆ ನೂಲಿನ ಫಿಲೇಚರ್ ಮೇಡಂ, ಶಿಡ್ಲಘಟ್ಟದಲ್ಲಿ" ಎಂದೆ.

ದೊಡ್ಡಪ್ಪ ನನ್ನ ತೋಳಿನ ಮೇಲೆ ಕೈಯಿಟ್ಟರು.

"ಇಲ್ಲ ತಾಯಿ. ಅದು ಮುಚ್ಚಿ ಭಾಳ ವರ್ಷ ಆಯ್ತು. ಆದ್ರೂ ದಿನಾ ಕೆಲಸಕ್ಕೆ ಹೋಗ್ತೀನಿ ಅಂತ ಹೇಳ್ಕೊಂಡು ಬಂದೆ. ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿ ಆಗೋಯ್ತು. ಅವತ್ತು ಫೋನಲ್ಲೂ ಅದೇ ಬಂತು." ಅವರು ಗಂಟಲು ಸರಿಮಾಡಿಕೊಂಡರು. "ನಂಗೂ ಕೆಲಸ ಇಲ್ಲ. ಇವನಿಗೂ ಇಲ್ಲ. ಇಬ್ಬರಿಗೂ ಇಲ್ಲ ಅಂತ ಬರ್ಕೊಳಿ."

ಪಂಕಜ ಮೇಡಂ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು, "ನಿಮ್ದು ಬೇಡ ಯಜಮಾನ್ರೇ, ಹುಡುಗಂದು ಸಾಕು" ಎಂದು ಮೆತ್ತಗೆ ಹೇಳಿ, ಸಹಿ ಹಾಕುವ ಜಾಗ ತೋರಿಸಿದರು. ದೊಡ್ಡಪ್ಪನ ಉದ್ಯೋಗ ಎಂಬಲ್ಲಿ ಆಕೆ ಬರೆದದ್ದನ್ನು ನಾನು ಕದ್ದು ಓದಿದೆ. ಹಿರಿಯ ನಾಗರಿಕರು ಎಂದಿತ್ತು.

ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಮಸಾಲೆದೋಸೆ ತಿಂದೆವು. ದೊಡ್ಡಪ್ಪ ಎರಡು ತಿಂದರು. ಬ್ಯಾಗಿನಲ್ಲಿದ್ದ ಚಿತ್ರಾನ್ನದ ಡಬ್ಬಿ ಹಾಗೇ ಉಳಿಯಿತು. ಆ ಮಧ್ಯಾಹ್ನ ಅವರು ಹರಾಜಿನ ಕಥೆಗಳನ್ನೆಲ್ಲ ಹೇಳಿದರು. ಕೈ ಬೀಸಿ ಬೀಸಿ ಹೇಳುವಾಗ ಪಕ್ಕದವರ ಸಾಂಬಾರಿನ ಬಟ್ಟಲು ಉರುಳಿಸಿದರು. ಆ ಹೋಟೆಲಿನ ದಾರಿಯಲ್ಲಿ ಬಸ್ಸು ಹಾದಾಗಲೆಲ್ಲ ನಾನು ಈಗಲೂ ಕತ್ತು ತಿರುಗಿಸಿ ನೋಡುತ್ತೇನೆ.

ಮರುದಿನ ಬೆಳಗ್ಗೆ ಎಂಟಕ್ಕೆ ಇಸ್ತ್ರಿ ಶರ್ಟು ಹಾಕಿಕೊಂಡು ಬಂದರು. ಅಮ್ಮ ಡಬ್ಬಿ ಹಿಡಿದು ನಿಂತಿದ್ದಳು. "ಡಬ್ಬಿ ಬೇಡ ವರಲಕ್ಷ್ಮಮ್ಮ. ಮುನಿಶಾಮಪ್ಪನ ಟೀ ಅಂಗ್ಡಿಗೆ ಹೋಗಿ ಕೂತಿದ್ದು, ಊಟಕ್ಕೆ ಬರ್ತೀನಿ" ಎಂದರು. ಬ್ಯಾಗು ಗೂಟದ ಮೇಲೆಯೇ ಇತ್ತು. ಅಮ್ಮ ಡಬ್ಬಿ ಹಿಡಿದುಕೊಂಡೇ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಅವತ್ತಿನಿಂದ ಅವಳು ಅಂಗನವಾಡಿಗೆ ಹತ್ತಿರದ ದಾರಿಯಲ್ಲೇ ಹೋದಳು.

ಭತ್ಯೆ ಮತ್ತೆ ಶುರುವಾಯಿತು. ಮೊದಲ ತಿಂಗಳ ದುಡ್ಡಿನಲ್ಲಿ ಅವರು ಗಿರವಿಯಿಟ್ಟಿದ್ದ ಗಡಿಯಾರ ಬಿಡಿಸಿಕೊಂಡು ಬಂದೆ. ಎಲ್ಲಿಂದ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆದರೆ ದೊಡ್ಡಪ್ಪ ಕಲಿತ ಪಾಠವನ್ನು ಅರ್ಧಕ್ಕೆ ಬಿಡುವವರಲ್ಲ. ಕೆಲವು ತಿಂಗಳ ಮೇಲೆ ಅವರಿಗೆ ಇನ್ನೊಂದು ಫೋನು ಬಂತು. ಅವರೇ ಬಂದು ಹೇಳಿದರು. "ಆಫೀಸಿಂದ ಮತ್ತೆ ಫೋನ್ ಬಂದಿತ್ತು ಕಣಪ್ಪ. ಈ ಸಲ ಗಂಡಸು. ಹುಡುಗ ಏನ್ ಮಾಡ್ಕೊಂಡಿದಾನೆ ಅಂದ. ಏನೂ ಮಾಡಲ್ಲ ಸಾರ್, ಓದ್ತಾ ಇಲ್ಲ, ಸ್ವಂತ ಉದ್ಯೋಗ ಇಲ್ಲ, ಎಲ್ಲೂ ಕೆಲಸ ಇಲ್ಲ, ಇನ್ಮೇಲೂ ಸಿಗೋ ಹಾಗೆ ಕಾಣಲ್ಲ, ಬೇಕಾದ್ರೆ ಯಾವತ್ತಾದ್ರೂ ಬಂದು ನೋಡಿ, ಮನೇಲೇ ಮಲ್ಗಿರ್ತಾನೆ ಅಂದೆ. ಸರಿಯಾಗ್ ಹೇಳಿದೆ ತಾನೇ?"

"ಭಾಳ ಸರಿಯಾಗಿ ಹೇಳಿದ್ರಿ. ಅವ್ರು ಏನಂದ್ರು?"

"ಏನೂ ಅನ್ಲಿಲ್ಲ. ಇಟ್ಬಿಟ್ಟ. ಹೆಸರು ಚೆನ್ನರಾಯಪ್ಪ ಅಂದ."

ಅಮ್ಮ ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. "ಚಿಂತಾಮಣಿ ಚೆನ್ನರಾಯಪ್ಪನಾ ಭಾವ? ಜಾತಕ ಕಳಿಸಿದ್ದು ಅವ್ರಿಗೇ ಅಲ್ವಾ!"

ದೊಡ್ಡಪ್ಪ ಗೋಡೆಗೆ ಒರಗಿ ನಿಧಾನಕ್ಕೆ ಕೂತರು. "ಅಯ್ಯಯ್ಯೋ" ಎಂದರು. ಆಮೇಲೆ ಯಾರು ಮೊದಲು ನಕ್ಕರೋ ನೆನಪಿಲ್ಲ. ನಗು ನಿಂತ ಮೇಲೆ ಅವರು ಮಾತ್ರ ಕಣ್ಣೊರೆಸಿಕೊಳ್ಳುತ್ತಾ, "ಮನೇಲೇ ಮಲ್ಗಿರ್ತಾನೆ ಅನ್ಬಾರ್ದಾಗಿತ್ತು" ಎಂದು ಎರಡು ದಿನ ಅದನ್ನೇ ಹೇಳುತ್ತಿದ್ದರು. ಆ ಹುಡುಗಿಗೆ ಒಳ್ಳೆಯ ಕಡೆ ಮದುವೆಯಾಯಿತಂತೆ. ಆಕೆಯ ಅದೃಷ್ಟ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಗೌರಿಬಿದನೂರಿನ ಈ ಕೆಲಸ ಸಿಕ್ಕಿದಾಗ ಭತ್ಯೆಯ ಅವಧಿ ಇನ್ನೂ ಸ್ವಲ್ಪ ಉಳಿದಿತ್ತು. ಕೆಲಸ ಸಿಕ್ಕಿದೆ ಎಂದು ತಿಳಿಸಿ ನಿಲ್ಲಿಸಿಬಿಟ್ಟೆ. ಅಲ್ಲಿಗೆ ದೊಡ್ಡಪ್ಪನಿಗೆ ತಿಂಗಳು ತಿಂಗಳು ಫೋನ್ ಮಾಡುವುದೂ ನಿಂತಿತು. ಮೊದಲ ತಿಂಗಳ ಇಪ್ಪತ್ತೈದು ಹತ್ತಿರ ಬಂದಾಗ ಕೈ ತಾನೇ ಫೋನಿನ ಕಡೆ ಹೋಯಿತು. ಕೇಳಲು ಏನೂ ಇರಲಿಲ್ಲ. ಮಾಡಿ, "ಊಟ ಆಯ್ತಾ ದೊಡ್ಡಪ್ಪ" ಎಂದೆ. "ಆಯ್ತಪ್ಪ" ಎಂದರು. ಆಮೇಲೆ ಅವರೇ ಮೆಲ್ಲಗೆ, "ನಂಬರ್ ಏನೂ ಬಂದಿಲ್ಲ ಕಣೋ, ನೋಡ್ತಾನೇ ಇದೀನಿ" ಎಂದರು.

ಹೋದ ವಾರ ನಮ್ಮ ಫ್ಯಾಕ್ಟರಿಯಲ್ಲಿ ಪಿ.ಎಫ್. ಖಾತೆಗೆ ಆಧಾರ್ ಜೋಡಿಸಬೇಕೆಂದರು. ಎಲ್ಲರೂ ತಮ್ಮ ತಮ್ಮ ಮೊಬೈಲು ನೋಡಿಕೊಂಡು ಅಂಕಿ ಹಾಕಿದರು. ನಾನು ನಂಬರು ಇನ್ನೂ ಬದಲಾಯಿಸಿಲ್ಲ. ಬೆಳಗ್ಗೆ ಬೇಗ ಏಳುತ್ತೇನೆ ಈಗ, ಆ ನೆವ ಹೇಳುವಂತಿಲ್ಲ. ಫೋನ್ ಮಾಡಿದೆ. ಹಿಂದೆ ಟೀ ಅಂಗಡಿಯ ಸದ್ದು, ಗ್ಲಾಸುಗಳ ಕಿಣಿಕಿಣಿ ಕೇಳುತ್ತಿತ್ತು.

"ದೊಡ್ಡಪ್ಪ, ಮೆಸೇಜ್ ಬಂದಿರುತ್ತೆ ನೋಡಿ."

"ಇರಪ್ಪಾ, ಕನ್ನಡಕ..." ಕನ್ನಡಕದ ಡಬ್ಬಿ ಟಕ್ಕೆಂದಿತು. "ಬಂದಿದೆ. ಇದು ಕೆಲಸ ಇಲ್ಲ ಅನ್ನೋಕಾ, ಇದೆ ಅನ್ನೋಕಾ?"

"ಇದೆ ಅನ್ನೋಕೆ ದೊಡ್ಡಪ್ಪ."

ಹಿಂದೆಲ್ಲ ಅವರು ಪಿಸುಗುಟ್ಟುತ್ತಿದ್ದುದು ಯಾಕೆಂದು ನನಗೆ ಅರ್ಥವಾದದ್ದು ಆಗ: ಅವೆಲ್ಲ ಹುಡುಗನಿಗೆ ಕೆಲಸ ಇಲ್ಲ ಅನ್ನುವ ನಂಬರುಗಳು. ಬೆಂಚು ಸರಿದ ಸದ್ದಾಯಿತು, ಎದ್ದು ನಿಂತಿರಬೇಕು.

"ಮುನಿಶಾಮಪ್ಪಾ, ಆ ರೇಡಿಯೋ ಆರ್ಸು ಸ್ವಲ್ಪ. ನಮ್ ಹುಡುಗನ ನಂಬರ್ ಓದ್ಬೇಕು."

ಆಮೇಲೆ ನನ್ನ ಕಿವಿಯೇ ಒಡೆಯುವಂತೆ, ಇಡೀ ಮಾರುಕಟ್ಟೆ ರಸ್ತೆಗೆ ಕೇಳುವಂತೆ, ಆ ಹಳೆಯ ಕಂಚಿನ ಗಂಟಲು ಕೂಗಿತು:

"ಏಡೂ!"